ನೀಲಿ ಕಾರಿನ ಎಡಬಾಗಿಲು

“ಇದಕ್ಕೆ ಸ್ನಾನ ಮಾಡಿಸೋ ಬದಲು ಮಣ್ಣು ಮಾಡೋದೇ ವಾಸಿ,” ಎಂದ ಟೈರಿನಂಗಡಿಯವನು.

ಕಾರು ಪಾಲಿಶ್ ಶೆಡ್ಡಿನ ಪಾಲಿಶಕ್ಕ ಎರಡನೆಯ ಬಕೆಟ್ ಎತ್ತಿ ಕಾರಿನ ನೆತ್ತಿಯ ಮೇಲೆ ಸುರಿದಳು. ಕಂದು ನೀರು ಗಾಜಿನಿಂದ ಬಾನೆಟ್ಟಿಗೆ, ಬಾನೆಟ್ಟಿನಿಂದ ಸಿಮೆಂಟು ನೆಲಕ್ಕೆ ಇಳಿದು, ನೇರವಾಗಿ ಟೈರಿನವನ ಚಪ್ಪಲಿಯ ಕಡೆಗೇ ಹರಿಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಆ ಕಾರಿನ ಬಣ್ಣ ಯಾವುದೆಂದು ಆ ಬೆಳಗ್ಗೆ ನೋಡಿದವರು ಯಾರೂ ಹೇಳುವಂತಿರಲಿಲ್ಲ. ಹತ್ತು ತಿಂಗಳು ಗುಜರಿ ಗೋಡೌನಿನ ಮೂಲೆಯಲ್ಲಿ ಬಿದ್ದಿದ್ದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮೈಮೇಲೆ ಹಕ್ಕಿಗಳ ಹಿಕ್ಕೆ, ಅದರ ಮೇಲೆ ಮರದ ಅಂಟು, ಅಂಟಿನ ಮೇಲೆ ಗರಗಸದ ಪುಡಿ, ಎಲ್ಲದರ ಮೇಲೆ ಯಾರೋ ಬೆರಳಲ್ಲಿ ಬರೆದು ಹೋದ ಎರಡು ಕೆಟ್ಟ ಮಾತು. ಮುಂದಿನ ಜಾಲರಿಯೊಳಗೆ ಇಲಿಯೊಂದು ಗೂಡು ಕಟ್ಟಿ, ಮರಿ ಹಾಕಿ, ಸಂಸಾರ ಸಮೇತ ಖಾಲಿ ಮಾಡಿಕೊಂಡು ಹೋಗಿತ್ತು.

ನಿನ್ನೆ ಸಂಜೆ ಈ ಕಾರಿಗಾಗಿ ಅವಳು ಶೆಡ್ಡಿನ ಕಂಪ್ರೆಸರನ್ನೇ ಗುಜರಿಯವನಿಗೆ ಬಿಟ್ಟುಕೊಟ್ಟಿದ್ದಳು. ಹಾಗಾಗಿ ಇಂದು ರಭಸದ ನೀರಿಲ್ಲ, ಗಾಳಿಯ ಪೈಪಿಲ್ಲ. ಎರಡು ಬಕೆಟ್, ಎರಡು ಕೈ, ಅಷ್ಟೆ.

“ಮನೆ ಮಾರಿ ಕಿಟಕಿ ಕೊಂಡ ಹಾಗಾಯ್ತು ನಿಮ್ಮ ಕತೆ,” ಎಂದ ಟೈರಿನವನು. ಅವನ ಮಾತು ಒರಟು, ಆದರೆ ಕಾರಿಗೆ ಬೇಕಾದ ಬ್ಯಾಟರಿಯನ್ನೂ ನಾಲ್ಕು ಹಳೆಯ ಟೈರನ್ನೂ ಬೆಳಗ್ಗೆ ಆರಕ್ಕೇ ತಂದು ಹಾಕಿದವನು ಅವನೇ.

“ಕಿಟಕಿಯಿಂದ ಏನು ಕಾಣುತ್ತೆ ಅನ್ನೋದು ಮುಖ್ಯ,” ಎಂದಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ. “ನೀನು ಅಡ್ಡ ನಿಂತ್ಕೋಬೇಡ, ಬೆಳಕು ಬರಲಿ.”

ಅತ್ತೆಗೆ ಎಪ್ಪತ್ತಮೂರು. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆದು ನಿವೃತ್ತಳಾದವಳು. ಮಗ ತೀರಿಹೋಗಿ ಏಳು ವರ್ಷವಾಗಿದ್ದರೂ ಸೊಸೆಯ ಜೊತೆಗೇ ಇದ್ದಳು. ಮಗ ಬಿಟ್ಟುಹೋದ ಈ ಪಾಲಿಶ್ ಶೆಡ್ಡನ್ನು ಸೊಸೆ ನಡೆಸುತ್ತಿದ್ದಳು; ಸೊಸೆಯನ್ನು ತಾನು ನಡೆಸುತ್ತಿದ್ದೇನೆಂದು ಅತ್ತೆ ತಿಳಿದುಕೊಂಡಿದ್ದಳು. ಇಬ್ಬರೂ ಆ ಬಗ್ಗೆ ಜಗಳವಾಡಿರಲಿಲ್ಲ.

ಪಾಲಿಶಕ್ಕನ ತಮ್ಮ ಜೈಲಿನಲ್ಲಿದ್ದ. ನಾಡಿದ್ದು ತೀರ್ಪು. ಕಲ್ಲು ಕ್ವಾರಿಯ ಜೀಪಿನ ಡ್ರೈವರಾಗಿದ್ದ ಅವನು, ಅದೇ ಕ್ವಾರಿಯ ತೂಕದ ಗುಮಾಸ್ತನನ್ನು ಸೇತುವೆಯ ಮೇಲೆ ಜೀಪಿನಲ್ಲಿ ಗುದ್ದಿ ಕೊಂದೆನೆಂದು ತಾನೇ ಒಪ್ಪಿಕೊಂಡಿದ್ದ. ಒಪ್ಪಿಕೊಂಡವನನ್ನು ಬಿಡಿಸುವುದು ಹೇಗೆಂದು ವಕೀಲರು ಕೈಚೆಲ್ಲಿದ್ದರು.

ಅವಳು ಮಾತ್ರ ಕೈಚೆಲ್ಲಿರಲಿಲ್ಲ. ಡಾಕ್ಟರರ ವರದಿಯ ಒಂದು ಸಾಲು ಅವಳ ತಲೆಯಲ್ಲಿ ಮುಳ್ಳಿನ ಹಾಗೆ ನೆಟ್ಟಿತ್ತು. ತಲೆ ಒಡೆದು ಸತ್ತ ಗುಮಾಸ್ತನ ಕಾಲು ಮುರಿದದ್ದು ಮೊಣಕಾಲಿನ ಕೆಳಗೆ. ಜೀಪಿನ ಬಂಪರು ನಿಂತ ಮನುಷ್ಯನ ತೊಡೆಗೆ ಬರುತ್ತದೆ. ಮೊಣಕಾಲಿನ ಕೆಳಗೆ ಬಡಿಯಬೇಕಾದರೆ ನೆಲಕ್ಕೆ ಅಂಟಿಕೊಂಡು ಓಡುವ ಗಾಡಿಯೇ ಆಗಬೇಕು.

ಊರಿನಲ್ಲಿ ಅಂಥ ಗಾಡಿ ಒಂದೇ ಇತ್ತು. ಕ್ವಾರಿ ಯಜಮಾನರ ಮಗ, ಎಲ್ಲರೂ ಚಿಕ್ಕ ಧಣಿ ಎನ್ನುವವನು, ಓಡಿಸುತ್ತಿದ್ದ ನೀಲಿ ಕಾರು. ಆದರೆ ಅದು ಅಪಘಾತಕ್ಕೆ ಮೂರು ತಿಂಗಳ ಮೊದಲೇ ಬೇರೆ ಊರಿಗೆ ಮಾರಾಟವಾಗಿತ್ತೆಂದು ಕಾಗದ ಹೇಳುತ್ತಿತ್ತು; ಆಮೇಲೆ ಅದನ್ನು ನೋಡೇ ಇಲ್ಲವೆಂದು ಚಿಕ್ಕ ಧಣಿಯೂ ಹೇಳುತ್ತಿದ್ದ.

ಆ ಕಾರು ಈಗ ಅವಳ ಬಕೆಟ್ಟಿನ ಕೆಳಗಿತ್ತು.

“ಸಾಕ್ಷಿ ತೊಳೆದು ಹೋಗಲ್ವೇನೇ ಹುಡುಗಿ?” ಅತ್ತೆ ಕೇಳಿದಳು. ಸೊಸೆಗೆ ನಲವತ್ತನಾಲ್ಕಾದರೂ ಅತ್ತೆಯ ಬಾಯಲ್ಲಿ ಅವಳಿನ್ನೂ ಹುಡುಗಿ.

“ಮಣ್ಣು ಹೋಗುತ್ತೆ, ಬಣ್ಣ ಹೋಗಲ್ಲ ಅತ್ತೆ. ಮೂಲೆಮುಡುಕು ಮುಟ್ಟೋ ಮುಂಚೆ ಫೋಟೋ ತೆಗೀತಿದ್ದೀನಿ.” ಅವಳು ಸ್ಪಂಜನ್ನು ನೊರೆಯಲ್ಲಿ ಅದ್ದಿ ಹಿಂಡಿದಳು. “ಇನ್ನೊಂದು ಮಾತು. ಕೊಳಕು ಕಾರು ಮಾಯವಾದ್ರೆ ಯಾರೂ ಕೇಳಲ್ಲ. ಹತ್ತು ತಿಂಗಳು ಯಾರಾದ್ರೂ ಕೇಳಿದ್ರಾ? ಥಳಥಳ ಅನ್ನೋ ಕಾರು ಮಾಯವಾದ್ರೆ ಊರಿಗೆ ಊರೇ ಕೇಳುತ್ತೆ.”

ಅತ್ತೆ ಒಂದು ಗಳಿಗೆ ಯೋಚಿಸಿದಳು. “ಹಾಗಿದ್ರೆ ಚೆನ್ನಾಗಿ ಉಜ್ಜು,” ಎಂದಳು.

* * *

ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಸ್ಪಂಜು ಒಮ್ಮೆ ಕಾರಿಗೆ ಹೋಗಿ ಬಂದರೆ ಬರೀ ನೀರಲ್ಲಿ ಜಾಲಾಡಿದ ಮೇಲೆಯೇ ಮತ್ತೆ ಸೋಪಿಗೆ. ಇಲ್ಲದಿದ್ದರೆ ಕಾರಿನ ಮರಳೇ ಕಾರನ್ನು ಗೀರುತ್ತದೆ. ಅವಸರ ಬೇಕಾದಷ್ಟಿತ್ತು, ಆದರೂ ಅವಳು ಈ ಕ್ರಮ ಬಿಡಲಿಲ್ಲ.

ನೆತ್ತಿಯಿಂದ ಶುರು ಮಾಡಿ ಕೆಳಕ್ಕೆ ಬಂದಳು. ಮೊದಲ ಅಂಗೈಯಗಲದ ನೀಲಿ ಕಂಡಾಗ ಎದುರು ಸಾಲಿನ ದರ್ಜಿ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದ. ಅರ್ಧ ಬಾನೆಟ್ ಬೆಳಗುವಷ್ಟರಲ್ಲಿ ಚಹಾದಂಗಡಿಯ ಮುಂದಿನ ಬೆಂಚು ಇತ್ತ ತಿರುಗಿತ್ತು. ಬೂದಿ ಊದಿದರೆ ಕೆಂಡ ಕಾಣುವ ಹಾಗೆ, ಉಜ್ಜಿದಷ್ಟೂ ಆ ನೀಲಿ ಒಳಗಿನಿಂದ ಏಳುತ್ತಿತ್ತು.

ಎಡಗಡೆಗೆ ಬಂದಾಗ ಅವಳು ಬಾಗಿಲಿನ ಒಳಂಚು ತೊಳೆಯಲೆಂದು ಹಿಡಿ ಎಳೆದಳು. ಬಾಗಿಲು ಅಲುಗಲಿಲ್ಲ. ಟೈರಿನವನು ಬಂದು ಎರಡೂ ಕೈ ಹಾಕಿ ಜಗ್ಗಿದ. ಅವನ ಮುಖ ಕೆಂಪಾಯಿತು, ಬಾಗಿಲು ಇದ್ದಲ್ಲೇ ಇತ್ತು.

“ಬೀಗ ಬಿದ್ದಿಲ್ಲ. ಎಲ್ಲೋ ಕಚ್ಕೊಂಡಿದೆ,” ಎಂದ.

“ಬಿಡಿ, ಬಲಗಡೆಯಿಂದ ಹೋಗ್ತೀನಿ.”

ಅವಳ ಕಣ್ಣು ಬಾಗಿಲಿನ ಮುಂದಿದ್ದ ಮಡ್‌ಗಾರ್ಡಿನ ಮೇಲೆ ನಿಂತಿತ್ತು. ತೊಳೆದ ಮೇಲೆ ಕಾರಿನ ಮೈಯೆಲ್ಲ ಒಂದೇ ನೀಲಿ. ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಆದರೆ ಕಣ್ಣನ್ನು ನಂಬಿ ಪಾಲಿಶ್ ಮಾಡುವವರು ಈ ಕಸುಬಿನಲ್ಲಿ ಬಾಳುವುದಿಲ್ಲ. ಅವಳು ಕಾರಿನ ಮೈಯನ್ನು ಕ್ಲೇ ಉಂಡೆಯಿಂದ ತಿಕ್ಕತೊಡಗಿದಳು. ಚಪಾತಿ ಹಿಟ್ಟಿನಂತೆ ಮೆತ್ತಗಿನ ಆ ಉಂಡೆ ಬಣ್ಣಕ್ಕೆ ಅಂಟಿದ ಕಣಗಳನ್ನೆಲ್ಲ ಎತ್ತಿಕೊಳ್ಳುತ್ತದೆ. ಬಾನೆಟ್ಟಿನ ಮೇಲೆ, ಬಾಗಿಲ ಮೇಲೆ, ಬಲ ಮಡ್‌ಗಾರ್ಡಿನ ಮೇಲೆ ಉಂಡೆ ಸರಾಗ ಜಾರಿತು. ಎಡ ಮಡ್‌ಗಾರ್ಡಿನಲ್ಲಿ ಮಾತ್ರ ತೊಡರಿ ತೊಡರಿ ಹೋಯಿತು.

ಅವಳು ಚಿಕ್ಕ ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಬಲ ಮಡ್‌ಗಾರ್ಡಿಗೆ ಇಟ್ಟಳು. ಟಕ್ ಎಂದು ಹಿಡಿಯಿತು. ಎಡಗಡೆಗೆ ಇಟ್ಟಳು. ಕೈ ಬಿಟ್ಟೊಡನೆ ನೆಲಕ್ಕೆ ಬಿತ್ತು.

“ಒಳಗೆ ಪುಟ್ಟಿ,” ಎಂದಳು. “ತಗಡು ನುಗ್ಗಾಗಿ, ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆದಿದ್ದಾರೆ. ಮಡ್‌ಗಾರ್ಡ್ ಹಿಂದಕ್ಕೆ ಸರಿದು ಬಾಗಿಲಿನ ಕೀಲು ಬಗ್ಗಿದೆ. ಅದಕ್ಕೇ ತೆರೀತಿಲ್ಲ.”

“ಹಳೇ ಪೆಟ್ಟೂ ಇರಬಹುದಲ್ಲ?” ಎಂದ ಟೈರಿನವನು.

“ಇರೋಕಾಗಲ್ಲ. ಚಿಕ್ಕ ಧಣಿ ಮಾರ್ತೀನಿ ಅಂತ ಕೊನೇ ಸಲ ವ್ಯಾಕ್ಸ್ ಹಾಕಿಸ್ಕೊಂಡು ಹೋದದ್ದು ಇದೇ ಶೆಡ್ಡಿನಿಂದ. ಹಾಕಿದವಳು ನಾನು. ಆಗ ಈ ಬಾಗಿಲು ಎರಡು ಬೆರಳಿಗೆ ತೆರೀತಿತ್ತು.”

ಅಷ್ಟಾದರೂ ಪೆಟ್ಟು ಎಂದು ಬಿದ್ದದ್ದೆಂದು ಮಡ್‌ಗಾರ್ಡ್ ಹೇಳಲಾರದು. ಹೊಸ ಮಾಲೀಕನೇ ಎಲ್ಲೋ ಗುದ್ದಿಕೊಂಡ ಎಂದುಬಿಟ್ಟರೆ ಮುಗಿಯಿತು. ಅವಳು ನೆಲದ ಮೇಲೆ ಅಂಗಾತ ಮಲಗಿ, ಕೈಯಲ್ಲಿ ಟಾರ್ಚ್ ಹಿಡಿದು, ಎಡ ಚಕ್ರದ ಮೇಲಿನ ಕಮಾನಿನೊಳಗೆ ತಲೆ ಹಾಕಿದಳು.

ಒಣಗಿದ ಕೆಸರು. ಹಳೆಯ ಬ್ರಷ್ಷಿನಿಂದ ಮೆಲ್ಲಗೆ ಕೆರೆದಳು. ಒಂದು ಪದರ ಉದುರಿತು, ಇನ್ನೊಂದು ಉದುರಿತು. ಆಮೇಲೆ ಬ್ರಷ್ಷು ನಿಂತಿತು.

ಕಮಾನಿನ ಒಳಮೈಗೆ ಚಿಮ್ಮಿ ಹೆಪ್ಪುಗಟ್ಟಿದ ಹಳದಿ ಹನಿಗಳು. ಸಣ್ಣವು, ದೊಡ್ಡವು, ಒಂದು ಉದ್ದಕ್ಕೆ ಎಳೆದಂಥದ್ದು. ಟಾರ್ಚಿನ ಬೆಳಕು ಬಿದ್ದಾಗ ಅವುಗಳ ಒಳಗೆ ಸಕ್ಕರೆಯಂಥ ಚೂರುಗಳು ಮಿನುಗಿದವು.

ಅವಳು ಅಲ್ಲೇ ಮಲಗಿ ಒಂದೊಂದು ಹನಿಯ ಫೋಟೋ ತೆಗೆದು ವಕೀಲರಿಗೆ ಕಳಿಸಿದಳು.

“ಮಲಗಿಬಿಟ್ಟೆಯಾ?” ಅತ್ತೆ ಕೂಗಿದಳು.

“ಇಲ್ಲ ಅತ್ತೆ. ಎದ್ದೆ.” ಅವಳು ಕೂತು ಮುಖ ಒರೆಸಿಕೊಂಡಳು. “ರಸ್ತೆಗೆ ಗೆರೆ ಹೊಡೆಯೋ ಬಣ್ಣ. ಕತ್ತಲಲ್ಲಿ ಹೊಳೀಲಿ ಅಂತ ಗಾಜಿನ ಹರಳು ಬೆರೆಸಿರ್ತಾರೆ. ನಮ್ಮೂರಲ್ಲಿ ಎಲ್ಲ ರಸ್ತೆಗೂ ಬಿಳಿ ಗೆರೆ. ಹಳದಿ ಇರೋದು ಎಲ್ಲಿ?”

“ಸೇತುವೆ ಮೇಲೆ,” ಎಂದ ಟೈರಿನವನು.

“ಯಾವತ್ತು ಹೊಡೆದದ್ದು?”

ಊರಿಗೆಲ್ಲ ಗೊತ್ತಿದ್ದ ವಿಷಯವದು. ಗುಮಾಸ್ತ ಸತ್ತ ದಿನ ಬೆಳಗ್ಗೆಯೇ. ಆರು ಗಂಟೆಗೆ ಕೊನೆಯ ಗೆರೆ ಮುಗಿಸಿ ಹೊರಟೆವೆಂದು ಗೆರೆ ಬಳಿಯುವವರು ಕೋರ್ಟಿನಲ್ಲಿ ಹೇಳಿದ್ದರು. ಆ ಬಣ್ಣ ಕಾಲು ಗಂಟೆಗೆಲ್ಲ ಒಣಗಿ ಕಲ್ಲಾಗುತ್ತದೆ. ಒಣಗಿದ ಬಣ್ಣ ಚಿಮ್ಮುವುದಿಲ್ಲ. ಮೂರು ತಿಂಗಳ ಮೊದಲೇ ಊರು ಬಿಟ್ಟ ಕಾರು ಆ ದಿನ ಬೆಳಗ್ಗೆ ಆರರಿಂದ ಆರೂಕಾಲರ ಒಳಗೆ ಆ ಸೇತುವೆಯ ಮೇಲಿತ್ತು.

ಟೈರಿನವನು ಮೆಲ್ಲಗೆ ಒಂದು ಸ್ಟೂಲ್ ಎಳೆದುಕೊಂಡು ಕೂತ. ತಮಾಷೆ ಅವನ ಮುಖದಿಂದ ಇಳಿದುಹೋಗಿತ್ತು.

“ಹೆಣ ಸಿಕ್ಕಿದ್ದು ಎಂಟಕ್ಕಲ್ವಾ?” ಎಂದ.

“ಎಂಟಕ್ಕೆ. ಏಳೂವರೆಗೆ ಗುದ್ದಿದೆ ಅಂತ ನನ್ನ ತಮ್ಮ ಬರೆದುಕೊಟ್ಟಿದ್ದಾನೆ.”

“ಆರಕ್ಕೇ ಗುದ್ದಿದ್ರೆ ಎರಡು ಗಂಟೆ ಯಾರೂ ನೋಡಲಿಲ್ವಾ? ಏಳು ಗಂಟೆ ಬಸ್ಸಲ್ಲಿ ಕ್ವಾರಿಗೆ ಅರ್ಧ ಊರೇ ಹೋಗುತ್ತೆ. ನಾನೇ ಆ ಬಸ್ಸಲ್ಲಿದ್ದೆ. ಸೇತುವೆ ಮೇಲೆ ಏನೂ ಇರಲಿಲ್ಲ.”

ಆರರಿಂದ ಎಂಟರವರೆಗೆ ಗುಮಾಸ್ತ ಎಲ್ಲಿದ್ದ?

* * *

ವ್ಯಾಕ್ಸ್ ಹಚ್ಚುವ ಮೊದಲು ಒಳಗಿನ ಧೂಳು ತೆಗೆಯಬೇಕಿತ್ತು. ಅವಳು ಬಲಬಾಗಿಲಿನಿಂದ ನುಸುಳಿ ಒಳಗೆಲ್ಲ ಒರೆಸಿದಳು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಬಾಚಣಿಗೆ ಬಿಟ್ಟರೆ ಏನೂ ಇರಲಿಲ್ಲ. ಎಡಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಅದರ ಮಧ್ಯದಲ್ಲಿ ಎರಡು ಗೇಣಿನಷ್ಟು ಉದ್ದಕ್ಕೆ ಮಬ್ಬು ಕಂದು ಕಲೆ.

“ಅತ್ತೆ, ನಿಮ್ಮ ಇಲಾಖೆ.”

ಅತ್ತೆ ಕನ್ನಡಕ ಹಾಕಿಕೊಂಡು ಎದ್ದು ಬಂದಳು. ಬೆಲ್ಟನ್ನು ಬೆಳಕಿಗೆ ಹಿಡಿದಳು, ಮಡಚಿದಳು, ಉಗುರಿನಿಂದ ನೂಲು ಬಿಡಿಸಿ ನೋಡಿದಳು.

“ರಕ್ತ. ತಣ್ಣೀರಲ್ಲಿ ನೆನೆಸಿದ್ರೆ ಹೋಗಿರೋದು. ಯಾರೋ ಗಾಬರೀಲಿ ಬಿಸಿನೀರು ಹಾಕಿ ಉಜ್ಜಿದ್ದಾರೆ. ಬಿಸಿ ತಾಗಿದ್ರೆ ರಕ್ತ ನೂಲಿಗೆ ಕಚ್ಚಿಕೊಂಡು ಕೂರುತ್ತೆ, ಜನ್ಮಕ್ಕೆ ಬಿಡಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದೋರೆಲ್ಲ ಮಾಡೋ ತಪ್ಪು ಇದು.”

“ಪಕ್ಕದಲ್ಲಿ ಕೂತೋರಿಗೂ ಪೆಟ್ಟಾಗಿತ್ತಾ?”

ಅತ್ತೆ ಬೆಲ್ಟನ್ನು ಮತ್ತೆ ಮತ್ತೆ ಬೆರಳಲ್ಲಿ ಸವರುತ್ತ ನಿಂತಳು. ಅವಳ ತುಟಿ ಅಲುಗುತ್ತಿತ್ತು. ಏನನ್ನೋ ಕೂಡಿಸಿ ಕಳೆಯುತ್ತಿದ್ದಾಳೆಂದು ಸೊಸೆಗೆ ತಿಳಿಯಿತು. ಕೇಳುವ ಮೊದಲೇ ಹೊರಗೆ ಲಾರಿಯೊಂದರ ಬ್ರೇಕು ಕಿರುಗುಟ್ಟಿತು.

ಹಿಂದೆ ಕೊಕ್ಕೆ, ಸರಪಳಿ ಇದ್ದ, ಕೆಟ್ಟ ಗಾಡಿಗಳನ್ನು ಎಳೆದೊಯ್ಯುವ ಲಾರಿ. ಅದರ ಹಿಂದೆ ಬಿಳಿ ಕಾರು. ಬಿಳಿ ಕಾರಿನಿಂದ ಚಿಕ್ಕ ಧಣಿ ಇಳಿದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ನಿದ್ದೆಯಿಲ್ಲದ ಕಣ್ಣು.

ಅವನು ಕಾರನ್ನು ನೋಡಿ ಒಂದು ಕ್ಷಣ ನಿಂತುಬಿಟ್ಟ. ಮಣ್ಣಿನ ಮುದ್ದೆಯನ್ನು ಎಳೆದೊಯ್ಯಲು ಬಂದವನಿಗೆ ಬೀದಿಯ ತುಂಬ ಹೊಳೆಯುವ ನೀಲಿ ಎದುರಾಗಿತ್ತು. ಅದರ ಸುತ್ತ ಜನ.

“ಅಕ್ಕ,” ಎಂದ, ನಗುತ್ತಾ. “ಗುಜರಿಯವನಿಂದ ತಪ್ಪಾಗಿದೆ. ಇದು ಮಾರೋ ಕಾರಲ್ಲ. ಯಾರೋ ಇಟ್ಕೊಂಡಿರು ಅಂತ ಕೊಟ್ಟದ್ದು.”

“ಯಾರೋ ಅಂದ್ರೆ ಯಾರು ಧಣಿ?”

“ನಾನು ಯಾರಿಗೆ ಮಾರಿದ್ನೋ ಅವರು.”

“ಹಾಗಿದ್ರೆ ಅವರು ಬರಲಿ.” ಅವಳು ವ್ಯಾಕ್ಸಿನ ಡಬ್ಬಿ ತೆರೆದು, ಬಟ್ಟೆಗೆ ಇಷ್ಟೇ ಇಷ್ಟು ತೆಗೆದುಕೊಂಡು, ಬಾನೆಟ್ಟಿನ ಮೇಲೆ ಸುತ್ತು ಸುತ್ತಾಗಿ ಹಚ್ಚತೊಡಗಿದಳು. “ಮಾರಿದ ಕಾಗದಕ್ಕೆ ಗುಜರಿಯವನು ಸಹಿ ಹಾಕಿ ಮುದ್ರೆ ಒತ್ತಿದ್ದಾನೆ.”

“ನಿಮ್ಮ ಕಂಪ್ರೆಸರ್ ಲಾರೀಲೇ ಇದೆ. ಈಗಲೇ ಇಳಿಸ್ತಾರೆ. ಜೊತೆಗೆ ಹೊಸದೊಂದು ಕೊಡಿಸ್ತೀನಿ.”

“ಬೇಡ. ಕೈಯಲ್ಲಿ ಉಜ್ಜಿದ್ರೇನೇ ಚೆನ್ನಾಗಿ ಬರುತ್ತೆ ಅಂತ ಇವತ್ತು ಗೊತ್ತಾಯ್ತು.”

ಚಹಾದಂಗಡಿಯ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಚಿಕ್ಕ ಧಣಿಯ ನಗು ಸ್ವಲ್ಪ ಸ್ವಲ್ಪವಾಗಿ ಒಣಗಿತು. ಅವನು ಹತ್ತಿರ ಬಂದು ದನಿ ತಗ್ಗಿಸಿದ.

“ನಾಡಿದ್ದು ನಿಮ್ಮ ತಮ್ಮನ ತೀರ್ಪು. ನಮ್ಮಪ್ಪ ಒಂದು ಮಾತು ಹೇಳಿದ್ರೆ ಶಿಕ್ಷೆ ಕಡಿಮೆ ಆಗುತ್ತೆ. ಅದನ್ನ ಕೆಡಿಸ್ಕೋಬೇಡಿ.”

“ನನಗೆ ಕಡಿಮೆ ಬೇಡ ಧಣಿ. ಪೂರ್ತಿ ಬೇಕು. ನನ್ನ ತಮ್ಮ ಪೂರ್ತಿ ಹೊರಗೆ ಬರಬೇಕು.”

“ಅವನೇ ಒಪ್ಕೊಂಡಿದ್ದಾನೆ.”

“ಅವನು ಒಪ್ಕೊಂಡ. ನಾನು ಒಪ್ಕೊಂಡಿಲ್ಲ.”

ಅವಳು ಅದನ್ನು ಗಟ್ಟಿಯಾಗಿಯೇ ಹೇಳಿದಳು. ದರ್ಜಿಗೂ ಕೇಳಿಸಿತು, ಬೆಂಚಿನವರಿಗೂ ಕೇಳಿಸಿತು. ಲಾರಿಯಿಂದ ಇಳಿದ ಇಬ್ಬರು ಸರಪಳಿ ಹಿಡಿದು ಧಣಿಯ ಮುಖ ನೋಡುತ್ತ ನಿಂತರು. ಇಷ್ಟು ಜನರ ಎದುರು ಕೊಕ್ಕೆ ಹಾಕುವುದು ಅವರಿಗೂ ಬೇಕಿರಲಿಲ್ಲ.

ಚಿಕ್ಕ ಧಣಿ ಸುತ್ತ ನೋಡಿದ. ನಿಟ್ಟುಸಿರು ಬಿಟ್ಟು ಕೈ ಎತ್ತಿದ.

“ಸರಿ, ಕಾರು ನಿಮ್ಮದೇ ಅಂದ್ಕೊಳ್ಳಿ. ಡ್ಯಾಶ್‌ಬೋರ್ಡ್ ಪೆಟ್ಟಿಗೇಲಿ ನನ್ನ ಹಳೇ ಕಾಗದ ಇವೆ. ಅವನ್ನಾದ್ರೂ ತಗೊಂಡು ಹೋಗ್ತೀನಿ.”

ಪೆಟ್ಟಿಗೆ ಖಾಲಿ ಎಂದು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಎಡಗಡೆಗೆ ತಿರುಗಿದ್ದ. ಅವಳು ಬಾಯಿ ಮುಚ್ಚಿಕೊಂಡಳು.

“ತಗೊಳ್ಳಿ,” ಎಂದು ದಾರಿ ಬಿಟ್ಟಳು.

ಅವನು ಹಿಡಿಗೆ ಕೈ ಹಾಕಿದ. ಎಳೆಯಲಿಲ್ಲ. ಮೊದಲು ಮೇಲಕ್ಕೆ ಎತ್ತಿದ, ಎತ್ತಿ ಹಿಡಿದೇ ಬಾಗಿಲಿನ ಕೆಳಭಾಗಕ್ಕೆ ಮೊಣಕಾಲಿನಿಂದ ಒಂದು ಒತ್ತು ಕೊಟ್ಟ. ಬಾಗಿಲು ಕಟ್ ಎಂದು ತೆರೆದುಕೊಂಡಿತು.

ಟೈರಿನವನು ಸ್ಟೂಲಿನಿಂದ ಎದ್ದ.

ಸ್ಟೂಲಿನ ಸದ್ದಿಗೆ ಚಿಕ್ಕ ಧಣಿ ತಲೆಯೆತ್ತಿದ. ಏನೋ ತಪ್ಪಿದೆಯೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ.

“ಬೆಳಗ್ಗೆಯಿಂದ ಇಬ್ಬರು ಜಗ್ಗಿದ್ವಿ ಆ ಬಾಗಿಲನ್ನ,” ಎಂದಳು ಪಾಲಿಶಕ್ಕ. “ಬರಲಿಲ್ಲ. ನೀವು ಮಾರಿದಾಗ ಅದು ಎರಡು ಬೆರಳಿಗೆ ತೆರೀತಿತ್ತು. ಮಡ್‌ಗಾರ್ಡಿಗೆ ಪೆಟ್ಟು ಬಿದ್ದ ಮೇಲೆ ಹೀಗಾಗಿದೆ. ಮಾರಿದ ಮೇಲೆ ಈ ಕಾರನ್ನ ನೋಡೇ ಇಲ್ಲ ಅಂತೀರಿ. ಎತ್ತಿ ಒತ್ತಬೇಕು ಅಂತ ನಿಮ್ಮ ಕೈಗೆ ಹೇಳಿಕೊಟ್ಟವರು ಯಾರು?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ,” ಎಂದಳು ಅತ್ತೆ. “ಇವನು ಪಾಪ, ಬಾಗಿಲನ್ನೇ ತೆಗೆದು ತೋರಿಸಿದ. ಟೈರಿನಂಗಡಿಯೋನೇ, ನೋಡಿದೆಯಾ?”

ಟೈರಿನವನು ಕ್ವಾರಿ ಲಾರಿಗಳ ಪಂಕ್ಚರ್ ಹಾಕಿಯೇ ಬದುಕುತ್ತಿದ್ದವನು. ಅವನು ಚಿಕ್ಕ ಧಣಿಯನ್ನು ನೋಡಿದ, ಲಾರಿ ನೋಡಿದ, ತನ್ನ ಅಂಗಡಿ ನೋಡಿದ.

“ನೋಡಿದೆ,” ಎಂದ. ಆಮೇಲೆ ಇನ್ನೂ ಗಟ್ಟಿಯಾಗಿ, “ಕೋರ್ಟಲ್ಲಿ ಕೇಳಿದ್ರೂ ನೋಡಿದೆ ಅಂತೀನಿ.”

ಚಿಕ್ಕ ಧಣಿಯ ಕೈ ಬಾಗಿಲಿನ ಮೇಲೆಯೇ ಇತ್ತು. “ಬಾಗಿಲು ತೆಗೆದ್ರೆ ಕೊಲೆ ಮಾಡಿದ ಹಾಗಾ?” ಎಂದ. “ಹುಚ್ಚು ಹೆಂಗಸೇ, ನಿನ್ನ ಶೆಡ್ಡಿಗೆ ನಾಳೆ ಬೀಗ ಬೀಳುತ್ತೆ.”

“ಬೀಳಲಿ. ನಾಳೆ ಅಲ್ವಾ? ಇವತ್ತು ಈ ಕಾರಿಗೆ ವ್ಯಾಕ್ಸ್ ಹಾಕೋದು ಮುಗಿಯುತ್ತೆ.” ಅವಳು ಬಟ್ಟೆಯನ್ನು ಮಡಿಸಿ ಹೊಸ ಮಗ್ಗುಲು ಮಾಡಿಕೊಂಡು,  ಅವನ ಕೈಯ ಪಕ್ಕದಲ್ಲೇ, ಆ ಎಡ ಮಡ್‌ಗಾರ್ಡಿನ ಮೇಲೆಯೇ ಉಜ್ಜತೊಡಗಿದಳು. “ಚಕ್ರದ ಕಮಾನಿನಲ್ಲಿ ಸೇತುವೆಯ ಹಳದಿ ಬಣ್ಣ ಇದೆ. ಫೋಟೋ ನಮ್ಮ ವಕೀಲರಿಗೆ ಆಗಲೇ ಹೋಗಿದೆ. ಬೆಳಗ್ಗೆ ಆರಕ್ಕೆ ನೀನು ಅಲ್ಲಿದ್ದೆ.”

ಧಣಿ ಎಂಬ ಮಾತೂ ನೀವು ಎಂಬ ಮರ್ಯಾದೆಯೂ ಅವಳ ನಾಲಿಗೆಯಿಂದ ಒಟ್ಟಿಗೇ ಉದುರಿದ್ದವು.

ಅತ್ತೆ ಆಗ ಕುರ್ಚಿಯಿಂದ ಎದ್ದಳು. ತೆರೆದ ಬಾಗಿಲಿನೊಳಗೆ ಕೈ ಹಾಕಿ ಎಡಸೀಟಿನ ಬೆಲ್ಟನ್ನು ಉದ್ದಕ್ಕೆ ಎಳೆದಳು.

“ನಂಗೊಂದು ಅನುಮಾನ ಮಗಾ,” ಎಂದಳು ಮೆತ್ತಗೆ. “ಇದು ಎರಡೇ ಸೀಟಿನ ಕಾರು. ಓಡಿಸೋದು ನೀನು. ಪಕ್ಕದ ಬೆಲ್ಟಲ್ಲಿ ರಕ್ತ ಇದೆ. ಯಾರೋ ಕೂತಿದ್ರು, ಅವರಿಗೆ ಬೆಲ್ಟ್ ಹಾಕಿತ್ತು. ಮೂವತ್ತೊಂದು ವರ್ಷ ಆಸ್ಪತ್ರೇಲಿದ್ದೆ, ಹೆಣ ಸಾಗಿಸೋದನ್ನ ಬೇಕಾದಷ್ಟು ನೋಡಿದ್ದೀನಿ. ಹೆಣಕ್ಕೆ ಯಾರೂ ಬೆಲ್ಟ್ ಹಾಕಲ್ಲ.”

ಪಾಲಿಶಕ್ಕನ ಕೈ ನಿಂತಿತು.

“ನಿನ್ನ ಕಾರಿಗೆ ಸಿಕ್ಕಿದಾಗ ಗುಮಾಸ್ತನ ಕಾಲು ಮುರಿಯಿತು, ಅಷ್ಟೆ,” ಅತ್ತೆ ಮುಂದುವರಿಸಿದಳು. “ನೀನೇ ಎತ್ತಿ ಕೂರಿಸಿದೆ, ನೀನೇ ಬೆಲ್ಟ್ ಹಾಕಿದೆ. ಅವನು ಕೂತಿದ್ದ. ಉಸಿರಾಡ್ತಿದ್ದ. ಅದಕ್ಕೇ ಏಳು ಗಂಟೆ ಬಸ್ಸಿನೋರಿಗೆ ಸೇತುವೆ ಮೇಲೆ ಏನೂ ಕಾಣಲಿಲ್ಲ. ಎಂಟಕ್ಕೆ ತಲೆ ಒಡೆದ ಹೆಣ ವಾಪಸು ಅದೇ ಸೇತುವೆಗೆ ಬಂತು. ಇದು ಅಪಘಾತ ಅಲ್ಲ ಮಗಾ.”

ಅಪಘಾತದ ಮಾತಿಗೆ ಚಿಕ್ಕ ಧಣಿ ಸಿದ್ಧನಾಗಿ ಬಂದಿದ್ದ. ಈ ಮಾತಿಗೆ ಸಿದ್ಧನಾಗಿರಲಿಲ್ಲ.

“ನಾನು ಕೊಂದಿಲ್ಲ,” ಎಂದ.

“ಹಾಗಿದ್ರೆ ಯಾರು?”

“ಅವನನ್ನ ನಾನು ಜೀವಂತ ಒಪ್ಪಿಸಿದ್ದೀನಿ.” ಅವನು ಬಾಗಿಲಿಗೆ ಒರಗಿದ. “ನೀರು ಕೇಳಿದ, ಕೊಟ್ಟೆ. ದಾರಿ ಉದ್ದಕ್ಕೂ ಮಾತಾಡ್ತಿದ್ದ. ಕ್ವಾರಿ ಗೇಟಿನ ಹತ್ರ ಜೀಪಿಗೆ ಹತ್ತಿಸಿ, ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ಹೇಳಿ ಕಳಿಸಿದೆ. ಆಮೇಲೆ ಏನಾಯ್ತು ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ಲದೇ ಹತ್ತು ತಿಂಗಳಿಂದ ನಿದ್ದೆ ಬಂದಿಲ್ಲ.”

“ಜೀಪಲ್ಲಿ ಯಾರಿದ್ರು?”

ಅವನು ಮೊದಲ ಸಲ ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದ.

“ನಿನ್ನ ತಮ್ಮ. ಅವನೊಬ್ಬನೇ.”

* * *

ಪಾಲಿಶಕ್ಕ ವ್ಯಾಕ್ಸ್ ಒರೆಸಿ ಮುಗಿಸಿದಳು. ಲಾರಿ ಖಾಲಿ ಕೊಕ್ಕೆಯೊಡನೆ ಚಿಕ್ಕ ಧಣಿಯ ಹಿಂದೆಯೇ ವಾಪಸಾಗಿತ್ತು. ಕಾರಿನ ಮೈಯಲ್ಲಿ ಈಗ ಬೀದಿಯ ಸಾಲು ಮನೆಗಳು, ತಂತಿಗಳು, ದರ್ಜಿಯ ಮುಖ ಎಲ್ಲ ಕನ್ನಡಿಯಲ್ಲಿ ಕಾಣುವ ಹಾಗೆ ಕಾಣುತ್ತಿದ್ದವು.

“ಅವನು ಸುಳ್ಳು ಹೇಳಿರಬಹುದು,” ಎಂದ ಟೈರಿನವನು.

“ಇರಬಹುದು. ಕೇಳ್ಕೊಂಡು ಬರ್ತೀನಿ.”

“ನಿಜ ಅಂದ್ರೆ?” ಅತ್ತೆ ಕೇಳಿದಳು. “ನಿಜ ಅಂದ್ರೆ ಏನ್ ಮಾಡ್ತೀಯ?”

“ನಿಜಾನೂ ಕೇಳ್ಕೊಂಡೇ ಬರ್ತೀನಿ ಅತ್ತೆ. ಅರ್ಧ ತೊಳೆದು ಬಿಡೋ ಅಭ್ಯಾಸ ನನಗಿಲ್ಲ.”

ಅತ್ತೆ ಹೋಗಿ ಎಡಸೀಟಿನಲ್ಲಿ ಕೂತಳು. ಜೈಲಿಗೆ ಹಿಂದಿನ ಬೀದಿಯಿಂದ ಹತ್ತಿರದ ದಾರಿಯಿತ್ತು. ಪಾಲಿಶಕ್ಕ ಪೇಟೆಯ ದಾರಿಯನ್ನೇ ಹಿಡಿದಳು. ಕ್ವಾರಿಯ ಕಚೇರಿಯ ಮುಂದೆ ಬೇಕೆಂದೇ ನಿಧಾನ ಮಾಡಿದಳು. ಕಚೇರಿಯ ಕಿಟಕಿಗಳಲ್ಲಿ ಒಂದೊಂದಾಗಿ ಮುಖಗಳು ಮೂಡಿದವು. ಅವಳು ಯಾರನ್ನೂ ನೋಡಲಿಲ್ಲ. ಅವರು ನೋಡಿದರೆ ಸಾಕಿತ್ತು.

ಭೇಟಿಯ ಕೋಣೆಯಲ್ಲಿ ತಂತಿಬಲೆಯ ಆಚೆಗೆ ತಮ್ಮ ಬಂದು ಕೂತ. ಹತ್ತು ತಿಂಗಳಲ್ಲಿ ಅವನ ಎತ್ತರವೇ ಇಳಿದ ಹಾಗಿತ್ತು. ಅವಳು ಊಟ ಆಯ್ತಾ ಎಂದು ಕೇಳಲಿಲ್ಲ. ಕೇಳಿದರೆ ಅಳು ಬರುತ್ತಿತ್ತು.

“ನೀಲಿ ಕಾರು ಸಿಕ್ಕಿತು,” ಎಂದಳು. “ತೊಳೆದೆ. ಹೊರಗೆ ನಿಲ್ಲಿಸಿದ್ದೀನಿ.”

ಅವನು ಕಣ್ಣು ಮುಚ್ಚಿದ. “ಕೊಟ್ಟುಬಿಡು ಅಕ್ಕ. ಅವರದ್ದು ಅವರಿಗೆ ಕೊಟ್ಟುಬಿಡು.”

“ಕೊಡಲ್ಲ. ನಾಡಿದ್ದು ಅದನ್ನ ಕೋರ್ಟಿನ ಬಾಗಿಲಿಗೇ ತರ್ತೀನಿ. ಒಂದೇ ಒಂದು ಮಾತು ಹೇಳು. ನಿನ್ನ ಜೀಪಿಗೆ ಹತ್ತಿದಾಗ ಗುಮಾಸ್ತ ಬದುಕಿದ್ದನಾ?”

ಗೋಡೆಯ ಬಳಿ ಕಾವಲಿನವನು ಗಡಿಯಾರ ನೋಡಿಕೊಂಡ.

“ಇಳಿದಾಗಲೂ ಬದುಕಿದ್ದ ಅಕ್ಕ,” ಎಂದ ತಮ್ಮ. “ನನ್ನ ಹೆಗಲು ಹಿಡ್ಕೊಂಡು ಕುಂಟ್ತಾ ಇಳಿದ. ಆಸ್ಪತ್ರೆಗೆ ಬೇಡ, ಮೊದಲು ಇಲ್ಲಿಗೆ ಅಂತ ಅವನೇ ದಾರಿ ಹೇಳಿದ್ದ. ಬಾಗಿಲು ತೆಗೆದೋರ ಮುಖ ನೋಡಿ, ‘ಇನ್ನು ನಂಗೇನೂ ಭಯ ಇಲ್ಲ, ನೀನು ಹೋಗಪ್ಪ’ ಅಂದ.”

“ಯಾರ ಮನೆ ಅದು? ಬಾಗಿಲು ತೆಗೆದದ್ದು ಯಾರು?”

ತಮ್ಮ ಎದ್ದು ನಿಂತ.

“ಅದನ್ನ ಹೇಳಬಾರದು ಅಂತಾನೇ ನಾನಿಲ್ಲಿ ಇದ್ದೀನಿ ಅಕ್ಕ. ಹೇಳಿದ್ರೆ ನೀನು ನನ್ನನ್ನಲ್ಲ, ಅವರನ್ನ ಇಷ್ಟು ದಿನ ನಂಬಿದ ನಿನ್ನನ್ನೇ ಕ್ಷಮಿಸಲ್ಲ.”